ಕಂಟೇನರ್ ಒಳಗೆ ಲೈಟ್ನಿಂಗ್ ಪೇಮೆಂಟ್ ನೋಡ್: ಸ್ಟಾರ್ಟ್ ಸ್ಕ್ರಿಪ್ಟ್ ಬರೆಯುವ ಕ್ರಮ

ಮನೇಲಿ ಒಂದು ಮಿನಿ ಪಿಸಿ ಉಂಟು, ಡಾಕರ್ (ಪ್ರೋಗ್ರಾಂಗಳನ್ನ ಕಂಟೇನರ್ ಅನ್ನುವ ಬೇರೆ ಬೇರೆ ಪೆಟ್ಟಿಗೆಯಲ್ಲಿ ಓಡಿಸುವ ಸಾಫ್ಟ್‌ವೇರ್) ಅಲ್ಪಸ್ವಲ್ಪ ಗೊತ್ತುಂಟು, ಅದರಲ್ಲಿ ಬಿಟ್‌ಕಾಯಿನ್ ಲೈಟ್ನಿಂಗ್ ನೋಡ್, ಅಂದ್ರೆ ಆ ಪೇಮೆಂಟ್ ನೆಟ್‌ವರ್ಕ್‌ಗೆ ಸೇರುವ ನಮ್ಮದೇ ಕೇಂದ್ರ, ಹಾಕ್ಬೇಕು, ಸ್ಟಾರ್ಟ್ ಸ್ಕ್ರಿಪ್ಟ್ ಹೇಗೆ ಬರೆಯೋದು? ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಹುಡುಗರು ನನ್ನತ್ರ ಇದನ್ನೇ ಮತ್ತೆ ಮತ್ತೆ ಕೇಳ್ತಾರೆ, ಹೆಚ್ಚಿನವರು ಬೆಂಗಳೂರಲ್ಲೋ ಮಂಗಳೂರಲ್ಲೋ ಕಂಪನಿ ಕೆಲಸದಲ್ಲಿದ್ದು ಈಗ ಊರಿನ ಮನೆಯಿಂದ್ಲೇ ಲಾಗಿನ್ ಆಗುವವರು. ಎಲ್ಲರಿಗೂ ಒಂದೇ ಉತ್ತರ ಆದ ಕಾರಣ ಪೂರ್ತಿಯಾಗಿ ಇಲ್ಲಿ ಬರೀತಿದ್ದೇನೆ.

ಮೊದಲೇ ಒಂದು ಮಾತು. ನೆಟ್‌ನಲ್ಲಿ ಸಿಗುವ ಸ್ಕ್ರಿಪ್ಟ್‌ಗಳು ಹೆಚ್ಚಾಗಿ ನೋಡನ್ನ ಎಬ್ಬಿಸೋದು ಹೇಗೆ ಅಂತ ಮಾತ್ರ ನೋಡ್ತವೆ, ಯಾಕಂದ್ರೆ ಅದನ್ನ ಬರೆದವರ ಮೆಷಿನ್ ಕರೆಂಟ್ ಹೋಗದ ಜಾಗದಲ್ಲಿ ಇರ್ತದೆ. ನಮ್ಮಲ್ಲಿ ಹಾಗಲ್ಲ. ಮೇ ಕೊನೆಗೆ ಪತ್ತನಾಜೆ ಹತ್ರ ಬರುವಾಗಿನ ಗುಡುಗು, ಆಮೇಲೆ ಜುಲೈ-ಆಗಸ್ಟ್‌ನ ಆಟಿಯ ಮಳೆಗೆ ಲೈನ್ ಮೇಲೆ ಬೀಳುವ ಅಡಿಕೆ ಮರ, ತೆಂಗಿನ ಮಡಲು, ಇಷ್ಟೆಲ್ಲ ಇರುವ ಊರಲ್ಲಿ ನಿಮ್ಮ ಸ್ಕ್ರಿಪ್ಟಿಗೆ ಇನ್ನೂ ಎರಡು ವಿಷಯ ಗೊತ್ತಿರಲೇಬೇಕು: ಯಾವಾಗ ಸ್ಟಾರ್ಟ್ ಆಗ್ಲೇಬಾರದು, ಮತ್ತೆ ಸ್ಟಾಪ್ ಅಂದಾಗ ಹೇಗೆ ನಿಲ್ಲಬೇಕು. ಇದು ಸಿನಿಮಾ ತುಂಬಿಸಿಡುವ ಮೀಡಿಯಾ ಸರ್ವರ್ ಅಲ್ಲ, ದುಡ್ಡು ಇರುವ ಮೆಷಿನ್.

ಕಮಾಂಡ್‌ಗಳನ್ನ ನಾನು ಓದುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ನಾಲ್ಕು ಪದ ಮೊದಲು

ಬಿಟ್‌ಕಾಯಿನ್ ಚೈನ್ ಅಂದ್ರೆ ಎಲ್ಲರ ವಹಿವಾಟು ಬರೆದಿಡುವ ಸಾರ್ವಜನಿಕ ಲೆಕ್ಕಪುಸ್ತಕ, ಅದರ ಒಂದೊಂದು ಪುಟದ ಹೆಸರು ಬ್ಲಾಕ್. ಸರಾಸರಿ 10 ನಿಮಿಷಕ್ಕೆ ಒಂದು ಬ್ಲಾಕ್, ಚಾ ಕುಡಿದು ದುಡ್ಡು ಕೊಡುವವರಿಗೆ ಅದು ಆಗುವ ಹೋಗುವ ಮಾತಲ್ಲ. ಅದಕ್ಕೇ ಲೈಟ್ನಿಂಗ್ ಬಂದದ್ದು, ಜೋಸೆಫ್ ಪೂನ್ ಮತ್ತು ತಾಡಿಯಸ್ ಡ್ರೈಜಾ 2016ರಲ್ಲಿ ಅದರ ಪೇಪರ್ ಬರೆದ್ರು. ಇಬ್ಬರು ಸೇರಿ ಸ್ವಲ್ಪ ಬಿಟ್‌ಕಾಯಿನ್‌ನ ಒಂದು ಜಂಟಿ ಅಡ್ರೆಸ್‌ನಲ್ಲಿ ಲಾಕ್ ಮಾಡ್ತಾರೆ, ಇದೇ ಚಾನೆಲ್. ಆಮೇಲಿನ ಕೊಡುಕೊಳ್ಳುವಿಕೆ ಅವರಿಬ್ಬರ ನಡುವೆ ಮಾತ್ರ ಬರೆದುಕೊಳ್ಳುವ ಲೆಕ್ಕ, ದಿನಸಿ ಅಂಗಡಿಯ ಕಡದ ಪುಸ್ತಕದ ಹಾಗೆ, ಕೊನೆಗೆ ಚುಕ್ತಾ ಮಾಡುವಾಗ ಮಾತ್ರ ಚೈನ್‌ಗೆ ಹೋಗ್ತದೆ. ಚಿಲ್ಲರೆಯ ಹೆಸರು ಸಾಟೋಶಿ, ಒಂದು ಬಿಟ್‌ಕಾಯಿನ್ ಅಂದ್ರೆ 10 ಕೋಟಿ ಸಾಟೋಶಿ.

ನಮಗೆ ಎರಡು ಪ್ರೋಗ್ರಾಂ ಬೇಕು. ಬಿಟ್‌ಕಾಯಿನ್‌ಡಿ ಚೈನ್ ನೋಡಿಕೊಳ್ತದೆ, ಎಲ್‌ಎನ್‌ಡಿ ಚಾನೆಲ್ ಮತ್ತು ಪೇಮೆಂಟ್ ನೋಡಿಕೊಳ್ತದೆ. ಒಂದೊಂದಕ್ಕೆ ಒಂದೊಂದು ಕಂಟೇನರ್. ಎರಡನ್ನೂ ಒಂದರೊಳಗೆ ತುರುಕಿ ಒಂದೇ ಸ್ಕ್ರಿಪ್ಟಿಂದ ಓಡಿಸುವ ಐಡಿಯಾ ಸುಮಾರು ಜನರಿಗೆ ಬರ್ತದೆ, ದಯವಿಟ್ಟು ಬೇಡ, ಒಂದು ಬಿದ್ದರೆ ಡಾಕರ್‌ಗೆ ಗೊತ್ತೇ ಆಗದೆ ಹೋಗಬಹುದು.

ಇನ್ನು ಸಿಗ್‌ನೆಟ್. ಇದು ಪ್ರಾಕ್ಟೀಸ್‌ಗೆ ಅಂತಲೇ ಇರುವ ಬಿಟ್‌ಕಾಯಿನ್ ನೆಟ್‌ವರ್ಕ್, ಕಾಯಿನ್ ಪುಕ್ಕಟೆ ಸಿಗ್ತದೆ, ಬೆಲೆ ಸೊನ್ನೆ. ಈ ಲೇಖನ ಪೂರ್ತಿ ಸಿಗ್‌ನೆಟ್ ಮೇಲೆಯೇ. ಡೈರೆಕ್ಟ್ ಮೇನ್‌ನೆಟ್‌ಗೆ, ಅಂದ್ರೆ ನಿಜವಾದ ದುಡ್ಡಿನ ನೆಟ್‌ವರ್ಕ್‌ಗೆ, ಹಾರಬೇಡಿ.

1. ಏನೇನು ಬೇಕು

64 ಬಿಟ್‌ನ ಲಿನಕ್ಸ್ ಮೆಷಿನ್, ರ್‍ಯಾಮ್ 4 ಜಿಬಿ ಸಾಕು, 8 ಇದ್ರೆ ಆರಾಮ. ಡಿಸ್ಕ್ ಎಸ್‌ಎಸ್‌ಡಿಯೇ ಆಗಬೇಕು, ರಾಸ್ಪ್‌ಬೆರಿ ಪೈಯ ಮೆಮೊರಿ ಕಾರ್ಡ್ ಮೇಲೆ ಚೈನ್ ಇಟ್ಟರೆ ಬರೆದು ಬರೆದೇ ಕಾರ್ಡ್ ಸಾಯ್ತದೆ. ಮೇನ್‌ನೆಟ್‌ನ ಪೂರ್ತಿ ಚೈನ್ 600 ಜಿಬಿ ದಾಟಿ ಹೋಗಿದೆ, ಅಷ್ಟು ಜಾಗ ಇಲ್ಲದವರು ಪ್ರೂನ್ ಮಾಡಬಹುದು, ಅಂದ್ರೆ ಹಳೇ ಬ್ಲಾಕ್‌ಗಳನ್ನ ಪರೀಕ್ಷೆ ಮಾಡಿ ಬಿಸಾಡೋದು. ಪ್ರೂನ್‌ನ ಕನಿಷ್ಠ ಸಂಖ್ಯೆ 550, ಮೆಗಾಬೈಟ್ ಲೆಕ್ಕದಲ್ಲಿ. ಪ್ರೂನ್ ಹಾಕಿದ ಮೇಲೆ ಟಿಎಕ್ಸ್‌ಇಂಡೆಕ್ಸ್ (ಎಲ್ಲ ಟ್ರಾನ್ಸಾಕ್ಷನ್‌ಗಳ ಸೂಚಿ ಇಡುವ ಆಪ್ಷನ್) ಹಾಕ್ಲಿಕ್ಕೆ ಆಗೋದಿಲ್ಲ, ಎರಡೂ ಹಾಕಿದ್ರೆ ಬಿಟ್‌ಕಾಯಿನ್‌ಡಿ ಸ್ಟಾರ್ಟೇ ಆಗೋದಿಲ್ಲ. ಸಿಗ್‌ನೆಟ್‌ಗೆ ಈ ತಲೆಬಿಸಿ ಇಲ್ಲ, ಚೈನ್ ಎಷ್ಟೋ ಚಿಕ್ಕದು.

ಯುಪಿಎಸ್ ಒಂದು ಇರಲೇಬೇಕು. ಇನ್ವರ್ಟರ್ ಉಂಟಲ್ಲ ಅಂತ ಹೇಳ್ಬೇಡಿ, ಕರೆಂಟ್‌ನಿಂದ ಬ್ಯಾಟರಿಗೆ ಹೋಗುವ ಆ ಒಂದು ಕ್ಷಣಕ್ಕೇ ಕೆಲವು ಮಿನಿ ಪಿಸಿ ರೀಬೂಟ್ ಆಗ್ತವೆ. ಗುಡುಗು ಶುರು ಆದ್ರೆ ಪವರ್ ಪ್ಲಗ್ ತೆಗೆದರೆ ಮಾತ್ರ ಸಾಲದು, ಲ್ಯಾನ್ ಕೇಬಲ್ ಕೂಡ ಎಳೀರಿ, ಸಿಡಿಲು ಆ ದಾರಿಯಲ್ಲೂ ಬರ್ತದೆ.

ಇಂಟರ್ನೆಟ್ ಬಗ್ಗೆ: ಹಳ್ಳಿ ಕಡೆಯ ಎಷ್ಟೋ ಫೈಬರ್ ಕನೆಕ್ಷನ್‌ಗಳಲ್ಲಿ ನಿಮಗೇ ಅಂತ ಪಬ್ಲಿಕ್ ಐಪಿ ಇರೋದಿಲ್ಲ, ಸುಮಾರು ಮನೆಗಳಿಗೆ ಸೇರಿ ಒಂದೇ ಐಪಿ. ಹೆದರ್ಬೇಡಿ, ನೀವಾಗಿ ಹೊರಗಿನ ನೋಡ್‌ಗೆ ಕನೆಕ್ಟ್ ಆಗ್ಲಿಕ್ಕೆ, ಚಾನೆಲ್ ಓಪನ್ ಮಾಡ್ಲಿಕ್ಕೆ, ಪೇಮೆಂಟ್ ತಗೊಳ್ಳಿಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ಹೊರಗಿನವರು ತಾವಾಗಿ ನಿಮ್ಮ ನೋಡ್‌ಗೆ ಕನೆಕ್ಟ್ ಆಗ್ಲಿಕ್ಕೆ ಆಗೋದಿಲ್ಲ, ಅಷ್ಟೆ.

2. ಇಮೇಜ್ ಆರಿಸುವಾಗ

ಇಮೇಜ್ ಅಂದ್ರೆ ಕಂಟೇನರ್‌ನ ಅಚ್ಚು. ಎಲ್‌ಎನ್‌ಡಿಗೆ ಲೈಟ್ನಿಂಗ್ ಲ್ಯಾಬ್ಸ್‌ನವರೇ ಡಾಕರ್ ಹಬ್‌ನಲ್ಲಿ ಇಮೇಜ್ ಕೊಡ್ತಾರೆ. ಟ್ಯಾಗ್‌ನಲ್ಲಿ 'ಲೇಟೆಸ್ಟ್' ಅಂತ ಬರೀಬೇಡಿ, ವರ್ಷನ್ ನಂಬರ್ ಬರೀರಿ. ಹೊಸ ವರ್ಷನ್ ಬಂದಾಗ ಡೇಟಾಬೇಸ್ ಫಾರ್ಮ್ಯಾಟ್ ಬದಲಾಗಿ ಹಿಂದೆ ಹೋಗ್ಲಿಕ್ಕೆ ಆಗದ ಹಾಗೆ ಆಗಬಹುದು, ಆ ನಿರ್ಧಾರ ನೀವು ಕೂತು ಮಾಡ್ಬೇಕು, ಇಮೇಜ್ ಪುನಃ ಇಳಿಸುವಾಗ ತಾನಾಗಿ ಆಗಬಾರದು.

ಬಿಟ್‌ಕಾಯಿನ್‌ಡಿಗೆ ಯಾರೋ ಅಪ್‌ಲೋಡ್ ಮಾಡಿದ ಇಮೇಜ್ ಬದಲು ನೀವೇ ಬಿಲ್ಡ್ ಮಾಡೋದು ಒಳ್ಳೇದು. ಬಿಟ್‌ಕಾಯಿನ್ ಕೋರ್ ಸೈಟ್‌ನಿಂದ ಬೈನರಿ ಇಳಿಸಿ, ಜೊತೆಗೆ ಕೊಡುವ ಶಾ-256 ಪಟ್ಟಿಯ (ಫೈಲ್‌ಗಳ ಬೆರಳಚ್ಚಿನ ಹಾಗಿನ ಸಂಖ್ಯೆಗಳ ಪಟ್ಟಿ) ಜೊತೆ ತಾಳೆ ನೋಡಿ, ಡೆಬಿಯನ್ ಸ್ಲಿಮ್ ಅನ್ನುವ ಚಿಕ್ಕ ಲಿನಕ್ಸ್ ಇಮೇಜ್ ಮೇಲೆ ಹಾಕಿ. ಸೈಜ್ ಚಿಕ್ಕದು ಅಂತ ಆಲ್ಪೈನ್ ಮೇಲೆ ಹಾಕಿದ್ರೆ ಓಡೋದಿಲ್ಲ, ಆ ಬೈನರಿಗೆ ಜಿಲಿಬ್‌ಸಿ ಅನ್ನುವ ಲೈಬ್ರರಿ ಬೇಕು, ಆಲ್ಪೈನ್‌ನಲ್ಲಿ ಇರೋದು ಮಸಲ್.

3. ಫೋಲ್ಡರ್ ಮತ್ತು ಕಾನ್ಫಿಗ್

ಕಂಟೇನರನ್ನ ಬೇಕಾದಾಗ ಅಳಿಸಿ ಪುನಃ ಹುಟ್ಟಿಸಬಹುದು, ಡೇಟಾವನ್ನ ಹಾಗೆ ಮಾಡ್ಲಿಕ್ಕೆ ಆಗೋದಿಲ್ಲ. ಹಾಗಾಗಿ ಡೇಟಾ ಇರಬೇಕಾದ್ದು ಹೊರಗೆ, ಹೋಸ್ಟ್ ಡಿಸ್ಕಿನ ಫೋಲ್ಡರ್‌ನಲ್ಲಿ, ಅದನ್ನ ವಾಲ್ಯೂಮ್ ಆಗಿ ಒಳಗೆ ಮೌಂಟ್ ಮಾಡೋದು. ಬಿಟ್‌ಕಾಯಿನ್‌ಗೆ ಒಂದು ಫೋಲ್ಡರ್, ಎಲ್‌ಎನ್‌ಡಿಗೆ ಒಂದು. ಬಿಟ್‌ಕಾಯಿನ್ ಕಂಟೇನರ್ ಒಳಗಿನ ಯೂಸರ್ ಐಡಿ 1000 ಅಂತ ಮಾಡಿದ್ರೆ ಹೊರಗಿನ ಫೋಲ್ಡರ್‌ನ ಓನರ್ ಕೂಡ 1000 ಇರಲಿ, ಇಲ್ಲದಿದ್ರೆ 'ಪರ್ಮಿಷನ್ ಡಿನೈಡ್' ಬರ್ತದೆ. ಆಗ ಎಲ್ಲ ಯೂಸರ್‌ಗೂ ಪೂರ್ತಿ ಅನುಮತಿ ಕೊಡುವ 777 ಹಾಕಿ ಬಾಯಿ ಮುಚ್ಚಿಸಬೇಡಿ, ವಾಲೆಟ್ ಇರುವ ಮೆಷಿನ್ ಅದು.

ಬಿಟ್‌ಕಾಯಿನ್ ಕಾನ್ಫಿಗ್‌ನಲ್ಲಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ, ಆದ್ರೆ ಅಲ್ಲಿ ಇಡೀ ದಿನ ಹೋಗ್ತದೆ. ಕಂಟೇನರ್ ಒಳಗೆ 127.0.0.1 ಅಂದ್ರೆ ಆ ಕಂಟೇನರ್ ಮಾತ್ರ. ಎಲ್‌ಎನ್‌ಡಿ ಬೇರೆ ಕಂಟೇನರ್, ಅದಕ್ಕೆ ಬಿಟ್‌ಕಾಯಿನ್‌ಡಿ ಕಾಣಬೇಕಾದ್ರೆ ಆರ್‌ಪಿಸಿ, ಅಂದ್ರೆ ಪ್ರೋಗ್ರಾಂಗಳು ಒಂದಕ್ಕೊಂದು ಆರ್ಡರ್ ಕೊಡುವ ಬಾಗಿಲು, 0.0.0.0 ಮೇಲೆ ಕೇಳ್ಬೇಕು. ಅದಕ್ಕೆ 'ಆರ್‌ಪಿಸಿ ಬೈಂಡ್' ಸಾಲು, ಜೊತೆಗೆ 'ಆರ್‌ಪಿಸಿ ಅಲೌ ಐಪಿ' ಸಾಲಲ್ಲಿ ಡಾಕರ್‌ನ ಒಳಗಿನ ರೇಂಜ್ 172.16.0.0/12. ಈಗ ಗಮನಿಸಿ: ಬೈಂಡ್ ಸಾಲನ್ನ ಫೈಲಿನ ಮೇಲ್ಗಡೆ ಸುಮ್ನೆ ಬರೆದ್ರೆ ಅದು ಮೇನ್‌ನೆಟ್‌ಗೆ ಮಾತ್ರ ಲಾಗು ಆಗ್ತದೆ. ಚೌಕ ಬ್ರಾಕೆಟ್‌ನಲ್ಲಿ ಸಿಗ್‌ನೆಟ್ ಅಂತ ತಲೆಬರಹ ಹಾಕಿ ಅದರ ಕೆಳಗೆ ಬರೀಬೇಕು. ಎಲ್ಲ ಸರಿ ಉಂಟು ಆದ್ರೂ ಕನೆಕ್ಷನ್ ರೆಫ್ಯೂಸ್ಡ್ ಅಂತ ಬರ್ತದೆ ಅಂತ ನನಗೆ ಮೆಸೇಜ್ ಹಾಕುವವರು ಮೊದಲು ಇದನ್ನ ನೋಡಿ.

ಸಿಗ್‌ನೆಟ್‌ನಲ್ಲಿ ಆರ್‌ಪಿಸಿ ಪೋರ್ಟ್ 38332, ಮೇನ್‌ನೆಟ್‌ನಲ್ಲಿ 8332. ಹೊಸ ಬ್ಲಾಕ್, ಹೊಸ ಟ್ರಾನ್ಸಾಕ್ಷನ್ ಬಂದ ಸುದ್ದಿ ಎಲ್‌ಎನ್‌ಡಿಗೆ ಮುಟ್ಟುವುದು ಝಡ್‌ಎಮ್‌ಕ್ಯೂ ದಾರಿಯಲ್ಲಿ, ಬ್ಲಾಕ್‌ಗೆ 28332, ಟ್ರಾನ್ಸಾಕ್ಷನ್‌ಗೆ 28333 ಅಂತ ಬೇರೆ ಬೇರೆ ಪೋರ್ಟ್ ಕೊಡಿ. ಪಾಸ್‌ವರ್ಡ್ ನೇರ ಬರೆಯುವ ಬದಲು 'ಆರ್‌ಪಿಸಿ ಆತ್' ಬಳಸಿ, ಬಿಟ್‌ಕಾಯಿನ್ ಕೋರ್ ಜೊತೆ ಅದಕ್ಕೊಂದು ಪೈಥಾನ್ ಸ್ಕ್ರಿಪ್ಟ್ ಬರ್ತದೆ, ಅದು ಪಾಸ್‌ವರ್ಡ್‌ನ ಹ್ಯಾಶ್ ಮಾಡಿ ಕೊಡ್ತದೆ.

4. ಸ್ಟಾರ್ಟ್ ಸ್ಕ್ರಿಪ್ಟ್

ಇಲ್ಲಿ ನಿಧಾನ ಓದಿ. ಇದು ಎಲ್‌ಎನ್‌ಡಿ ಕಂಟೇನರ್‌ನ ಸ್ಕ್ರಿಪ್ಟ್.

ಮೊದಲ ಸಾಲು ಶೆಲ್ ಯಾವುದು ಅಂತ ಹೇಳುವ ಸಾಲು, ಹ್ಯಾಶ್ ಚಿಹ್ನೆ, ಆಶ್ಚರ್ಯ ಚಿಹ್ನೆ, ಆಮೇಲೆ ಸ್ಲ್ಯಾಶ್ ಬಿನ್ ಸ್ಲ್ಯಾಶ್ ಎಸ್‌ಎಚ್. ಬ್ಯಾಶ್ ಬೇಡ, ಎಲ್ಲ ಇಮೇಜ್‌ನಲ್ಲೂ ಅದು ಇರ್ತದೆ ಅಂತ ಇಲ್ಲ. ಎರಡನೇ ಸಾಲು 'ಸೆಟ್ ಡ್ಯಾಶ್ ಇ ಯು', ಅಂದ್ರೆ ಯಾವುದಾದ್ರೂ ಕಮಾಂಡ್ ಫೇಲ್ ಆದ್ರೆ, ಇಲ್ಲವೇ ಬೆಲೆ ಕೊಡದ ವೇರಿಯೇಬಲ್ ಬಳಸಿದ್ರೆ ಅಲ್ಲಿಗೇ ನಿಲ್ಲಿಸು ಅಂತ. ಮೂರನೇ ಸಾಲು 'ಯೂಮಾಸ್ಕ್ 077', ಇನ್ನು ಹುಟ್ಟುವ ಫೈಲ್‌ಗಳನ್ನ ಬೇರೆ ಯೂಸರ್ ಓದದ ಹಾಗೆ.

ನಂತರ ಡಿಸ್ಕ್ ಪರೀಕ್ಷೆ. ನಮ್ಮ ಊರಿಗೆ ಬಹಳ ಮುಖ್ಯವಾದ ಸಾಲು ಇದು, ಯಾಕೆ ಅಂತ ಹೇಳ್ತೇನೆ. ಹೆಚ್ಚಿನವರ ಎಸ್‌ಎಸ್‌ಡಿ ಯುಎಸ್‌ಬಿಯಲ್ಲಿ ಸಿಕ್ಕಿಸಿದ್ದು. ಕರೆಂಟ್ ಹೋಗಿ ಬಂದಾಗ ಮೆಷಿನ್ ಬೇಗ ಎದ್ದು ಎಸ್‌ಎಸ್‌ಡಿ ಮೌಂಟ್ ಆಗುವ ಮೊದಲೇ ಡಾಕರ್ ಓಡ್ಲಿಕ್ಕೆ ಶುರು ಮಾಡಿದ್ರೆ, ಮೌಂಟ್ ಪಾಯಿಂಟ್‌ನಲ್ಲಿ ಇರೋದು ಖಾಲಿ ಫೋಲ್ಡರ್. ಎಲ್‌ಎನ್‌ಡಿಗೆ ಅದು ಹೊಸ ನೋಡ್ ಅಂತ ಕಾಣ್ತದೆ, ವಾಲೆಟ್ ಕ್ರಿಯೇಟ್ ಮಾಡಿ ಅಂತ ಹೇಳ್ತದೆ. ನೀವು ಬಂದು ನೋಡುವಾಗ ಬ್ಯಾಲೆನ್ಸೂ ಇಲ್ಲ, ಚಾನೆಲ್ಲೂ ಇಲ್ಲ, ಗಾಬರಿಯಲ್ಲಿ ಹೊಸ ವಾಲೆಟ್ ಮಾಡಿ ಇನ್ನೂ ಗೊಂದಲ ಮಾಡಿಕೊಳ್ತೀರಿ. ಇದಕ್ಕೆ ಮದ್ದು ಸುಲಭ: ಎಸ್‌ಎಸ್‌ಡಿ ಸರಿಯಾಗಿ ಮೌಂಟ್ ಆಗಿರುವಾಗ ಎಲ್‌ಎನ್‌ಡಿ ಫೋಲ್ಡರ್‌ನಲ್ಲಿ 'ಟಚ್' ಕಮಾಂಡ್‌ನಿಂದ ಒಂದು ಖಾಲಿ ಗುರುತಿನ ಫೈಲ್ ಮಾಡಿಡಿ, ಹೆಸರು 'ಡಿಸ್ಕ್ ಓಕೆ' ಅಂತ ಏನಾದ್ರೂ ಇರಲಿ. ಸ್ಕ್ರಿಪ್ಟ್ ಮೊದಲು 'ಇಫ್' ಹಾಕಿ ಆ ಫೈಲ್ ಉಂಟಾ ನೋಡಲಿ, ಇಲ್ಲದಿದ್ರೆ ಲಾಗ್‌ಗೆ ಒಂದು ಸಾಲು ಬರೆದು 'ಎಕ್ಸಿಟ್ 1' ಆಗಲಿ. ಕಂಪೋಸ್‌ನಲ್ಲಿ, ಅಂದ್ರೆ ಎರಡೂ ಕಂಟೇನರ್‌ನ ಸೆಟ್ಟಿಂಗ್ ಬರೆಯುವ ಫೈಲ್‌ನಲ್ಲಿ, ರೀಸ್ಟಾರ್ಟ್ ಪಾಲಿಸಿ ಇರುವ ಕಾರಣ ಡಾಕರ್ ಪುನಃ ಪುನಃ ಟ್ರೈ ಮಾಡ್ತದೆ, ಡಿಸ್ಕ್ ಬಂದ ಮೇಲಿನ ಟ್ರೈಯಲ್ಲಿ ನೋಡ್ ತಾನಾಗಿ ಏಳ್ತದೆ. ಸ್ಕ್ರಿಪ್ಟ್‌ನಿಂದಲೇ ಆ ಗುರುತಿನ ಫೈಲ್ ಹುಟ್ಟಿಸುವ ಸಾಲು ಮಾತ್ರ ಖಂಡಿತ ಬರೀಬೇಡಿ, ಹಾಗೆ ಮಾಡಿದ್ರೆ ಪರೀಕ್ಷೆ ಇದ್ದೂ ಇಲ್ಲದ ಹಾಗೆ.

ಆಮೇಲೆ ಕಾಯುವ ಲೂಪ್. ಬಿಟ್‌ಕಾಯಿನ್‌ಡಿ ರೆಡಿ ಆಗದೆ ಎಲ್‌ಎನ್‌ಡಿ ಎಬ್ಬಿಸಿ ಪ್ರಯೋಜನ ಇಲ್ಲ. ಸುಮಾರು ಜನ 'ಎನ್‌ಸಿ' ಹಾಕಿ ಪೋರ್ಟ್ ಓಪನ್ ಉಂಟಾ ಅಂತ ಮಾತ್ರ ನೋಡ್ತಾರೆ, ಅದು ಸಾಲದು. ಬಿಟ್‌ಕಾಯಿನ್‌ಡಿ ಇನ್ನೂ ಬ್ಲಾಕ್ ಇಂಡೆಕ್ಸ್ ಲೋಡ್ ಮಾಡುತ್ತಿರುವಾಗಲೇ ಪೋರ್ಟ್ ತೆರೆದಿರ್ತದೆ, ಏನು ಕೇಳಿದ್ರೂ ಮೈನಸ್ 28 ಅಂತ ಎರರ್ ಕೊಡ್ತದೆ. ಹಾಗಾಗಿ 'ಅನ್‌ಟಿಲ್' ಲೂಪ್ ಒಳಗೆ 'ಕರ್ಲ್' ಹಾಕಿ 'ಗೆಟ್ ಬ್ಲಾಕ್‌ಚೈನ್ ಇನ್ಫೋ' ಅಂತ ನಿಜವಾದ ಪ್ರಶ್ನೆಯನ್ನೇ ಕೇಳಿ, ಕರ್ಲ್‌ಗೆ 'ಡ್ಯಾಶ್ ಎಫ್' ಕೊಟ್ಟರೆ ಎರರ್ ಉತ್ತರ ಬಂದಾಗ ಅದು ಫೇಲ್ ಅಂತಲೇ ಲೆಕ್ಕ. ಪ್ರತಿ ಸಲ 5 ಸೆಕೆಂಡ್ ಸ್ಲೀಪ್. ಲೂಪ್‌ಗೆ ಒಂದು ಮಿತಿ ಇರಲಿ, ಇಷ್ಟು ಸಲ ಆದ ಮೇಲೆ ಎಕ್ಸಿಟ್, ಇಲ್ಲದಿದ್ರೆ ಯಾಕೆ ನಿಂತಿದೆ ಅಂತ ಯಾರಿಗೂ ಗೊತ್ತಾಗೋದಿಲ್ಲ.

ಮತ್ತೆ ಅನ್‌ಲಾಕ್. ಎಲ್‌ಎನ್‌ಡಿ ಪ್ರತಿ ಸಲ ಎದ್ದಾಗ ವಾಲೆಟ್ ಪಾಸ್‌ವರ್ಡ್ ಕೇಳ್ತದೆ, ಮಧ್ಯರಾತ್ರಿ ಕರೆಂಟ್ ಬಂದ್ರೆ ಕೊಡುವವರು ಯಾರು? ಅದಕ್ಕೆ ಪಾಸ್‌ವರ್ಡ್ ಫೈಲ್ ಆಪ್ಷನ್ ಉಂಟು. ಸ್ಕ್ರಿಪ್ಟ್‌ನಲ್ಲಿ 'ವಾಲೆಟ್ ಡಾಟ್ ಡಿಬಿ' ಇದ್ರೆ ಮಾತ್ರ ಆ ಆಪ್ಷನ್ ಸೇರಿಸಿ, ಇಲ್ಲದಿದ್ರೆ ಖಾಲಿ ಓಡಲಿ, ಮೊದಲ ಸಲ ಕೈಯಲ್ಲಿ ಕ್ರಿಯೇಟ್ ಮಾಡ್ಲಿಕ್ಕೆ ಉಂಟಲ್ಲ. ಪಾಸ್‌ವರ್ಡ್ ಫೈಲ್‌ಗೆ 600 ಪರ್ಮಿಷನ್, ಅಂದ್ರೆ ಓನರ್ ಮಾತ್ರ ಓದಿ ಬರೆಯುವ ಹಾಗೆ. ಪಾಸ್‌ವರ್ಡನ್ನ ಎನ್ವಿರಾನ್ಮೆಂಟ್ ವೇರಿಯೇಬಲ್‌ನಲ್ಲಿ ಹಾಕ್ಬೇಡಿ, 'ಡಾಕರ್ ಇನ್‌ಸ್ಪೆಕ್ಟ್' ಮಾಡಿದವರಿಗೆಲ್ಲ ಅದು ನೀಟಾಗಿ ಕಾಣ್ತದೆ.

ಕೊನೇ ಸಾಲು: 'ಎಕ್ಸೆಕ್ ಎಲ್‌ಎನ್‌ಡಿ', ಮುಂದೆ ಆಪ್ಷನ್‌ಗಳು. ಈ 'ಎಕ್ಸೆಕ್' ಒಂದು ಪದವನ್ನ ಬಿಟ್ಟವರೇ ಹೆಚ್ಚು. ಕಂಟೇನರ್‌ನಲ್ಲಿ ಮೊದಲು ಓಡುವ ಪ್ರೋಗ್ರಾಂಗೆ ಪ್ರೋಸೆಸ್ ನಂಬರ್ 1. ಡಾಕರ್ ಸ್ಟಾಪ್ ಅಂದಾಗ 'ಸಿಗ್‌ಟರ್ಮ್', ಅಂದ್ರೆ ಕೆಲಸ ಮುಗಿಸಿ ನಿಲ್ಲು ಅನ್ನುವ ಸಿಗ್ನಲ್, ಹೋಗೋದು ಆ ನಂಬರ್ 1ಕ್ಕೆ ಮಾತ್ರ. ಎಕ್ಸೆಕ್ ಇಲ್ಲದಿದ್ರೆ ನಂಬರ್ 1 ನಿಮ್ಮ ಶೆಲ್, ಎಲ್‌ಎನ್‌ಡಿ ಅದರ ಮಗು. ಶೆಲ್ ಆ ಸಿಗ್ನಲನ್ನ ಮಗುವಿಗೆ ದಾಟಿಸೋದಿಲ್ಲ. 10 ಸೆಕೆಂಡ್ ಕಾದು ಡಾಕರ್ 'ಸಿಗ್‌ಕಿಲ್' ಹಾಕ್ತದೆ, ಡೇಟಾಬೇಸ್‌ಗೆ ಬರೀತಿದ್ದ ಹಾಗೇ ಎಲ್ಲ ಕಟ್. ಎಕ್ಸೆಕ್ ಹಾಕಿದ್ರೆ ಶೆಲ್‌ನ ಜಾಗಕ್ಕೆ ಎಲ್‌ಎನ್‌ಡಿಯೇ ಬಂದು ಕೂತ್ಕೊಳ್ತದೆ, ಸಿಗ್ನಲ್ ನೇರ ಅದಕ್ಕೇ. ಬಿಟ್‌ಕಾಯಿನ್‌ಡಿಯ ಸ್ಕ್ರಿಪ್ಟ್‌ನಲ್ಲೂ ಇದೇ ಕ್ರಮ, ಅಲ್ಲಿ ತಪ್ಪಿದ್ರೆ ರೀಇಂಡೆಕ್ಸ್ ಅಂತ ಇಡೀ ಚೈನ್ ಮೊದಲಿಂದ ನೋಡುವ ಶಿಕ್ಷೆ ಬರಬಹುದು.

ಸ್ಕ್ರಿಪ್ಟನ್ನ ವಿಂಡೋಸ್‌ನಲ್ಲಿ ಬರೆದು ಕಾಪಿ ಮಾಡುವವರಿಗೆ: ಫೈಲ್ ಕಣ್ಣೆದುರೇ ಇದ್ರೂ 'ನೋ ಸಚ್ ಫೈಲ್' ಅಂತ ಬಂದ್ರೆ ಅದು ಸಾಲಿನ ಕೊನೆಯಲ್ಲಿ ವಿಂಡೋಸ್ ಸೇರಿಸುವ ಕಾಣದ ಅಕ್ಷರದ ಕೆಲಸ. 'ಡಾಸ್ ಟು ಯೂನಿಕ್ಸ್' ಓಡಿಸಿ. ಮತ್ತೆ 'ಸಿಎಚ್‌ಮಾಡ್ ಪ್ಲಸ್ ಎಕ್ಸ್' ಮರೀಬೇಡಿ.

5. ಕಂಪೋಸ್ ಫೈಲ್

ಎಂಟ್ರಿಪಾಯಿಂಟನ್ನ, ಅಂದ್ರೆ ಕಂಟೇನರ್ ಎದ್ದಾಗ ಓಡಬೇಕಾದ ಸ್ಕ್ರಿಪ್ಟ್ ಯಾವುದು ಅನ್ನುವ ಸಾಲನ್ನ, ಚೌಕ ಬ್ರಾಕೆಟ್‌ನ ಪಟ್ಟಿ ರೂಪದಲ್ಲಿ ಬರೀರಿ. ಡಾಕರ್‌ಫೈಲ್‌ನಲ್ಲಿ (ಇಮೇಜ್ ಬಿಲ್ಡ್ ಮಾಡುವ ಫೈಲ್) ಸುಮ್ನೆ ವಾಕ್ಯದ ಹಾಗೆ ಬರೆದ್ರೆ ಡಾಕರ್ ಅದನ್ನ ಇನ್ನೊಂದು ಶೆಲ್ ಒಳಗೆ ಸುತ್ತುತ್ತದೆ, ನಾವು ಎಕ್ಸೆಕ್ ಹಾಕಿದ್ದು ವ್ಯರ್ಥ ಆಗಬಹುದು. 'ರೀಸ್ಟಾರ್ಟ್' ಎದುರು 'ಅನ್‌ಲೆಸ್ ಸ್ಟಾಪ್ಡ್'. 'ಸ್ಟಾಪ್ ಗ್ರೇಸ್ ಪೀರಿಯಡ್', ಅಂದ್ರೆ ಕಿಲ್ ಮಾಡುವ ಮೊದಲು ನಿಲ್ಲಲಿಕ್ಕೆ ಕೊಡುವ ಸಮಯ, ಬಿಟ್‌ಕಾಯಿನ್‌ಡಿಗೆ 5 ನಿಮಿಷ, ಎಲ್‌ಎನ್‌ಡಿಗೆ 2 ನಿಮಿಷ, ಡೀಫಾಲ್ಟ್ 10 ಸೆಕೆಂಡ್ ಯಾವುದಕ್ಕೂ ಸಾಲದು. ಎಲ್‌ಎನ್‌ಡಿಗೆ 'ಡಿಪೆಂಡ್ಸ್ ಆನ್' ಬಿಟ್‌ಕಾಯಿನ್‌ಡಿ ಅಂತ ಹಾಕಿದ್ರೆ ನಿಲ್ಲುವಾಗ ಉಲ್ಟಾ ಕ್ರಮ, ಎಲ್‌ಎನ್‌ಡಿ ಮೊದಲು ನಿಲ್ತದೆ, ಅದೇ ನಮಗೆ ಬೇಕಾದ್ದು.

ಪೋರ್ಟ್ ಬಗ್ಗೆ ಎಚ್ಚರ. ಆರ್‌ಪಿಸಿ ಪೋರ್ಟನ್ನ ಹೊರಗೆ ಪಬ್ಲಿಷ್ ಮಾಡುವ ಅಗತ್ಯವೇ ಇಲ್ಲ, ಕಂಟೇನರ್‌ಗಳು ಒಳಗಿನ ನೆಟ್‌ವರ್ಕ್‌ನಲ್ಲಿ ಸರ್ವಿಸ್ ಹೆಸರಿಂದಲೇ ಮಾತಾಡ್ತವೆ. ಎಲ್‌ಎನ್‌ಡಿಯ ಕಂಟ್ರೋಲ್ ಪೋರ್ಟ್ 10009 ಬೇಕಾದ್ರೆ ಅದರ ಮುಂದೆ 127.0.0.1 ಸೇರಿಸಿಯೇ ಬರೀರಿ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೇನಲ್ಲ ಅಂತ ಧೈರ್ಯ ಬೇಡ, ಡಾಕರ್ ಪಬ್ಲಿಷ್ ಮಾಡಿದ ಪೋರ್ಟ್ ಆ ರೂಲ್‌ಗಳನ್ನ ದಾಟಿಯೇ ಹೋಗ್ತದೆ.

6. ಮೊದಲ ಸ್ಟಾರ್ಟ್, ವಾಲೆಟ್

'ಡಾಕರ್ ಕಂಪೋಸ್ ಅಪ್ ಡ್ಯಾಶ್ ಡಿ'. ಲಾಗ್ ನೋಡ್ತಾ ಇರಿ. ಎಲ್‌ಎನ್‌ಡಿ ವಾಲೆಟ್‌ಗೆ ಕಾಯ್ತಿದೆ ಅಂದ ಮೇಲೆ 'ಡಾಕರ್ ಎಕ್ಸೆಕ್ ಡ್ಯಾಶ್ ಐಟಿ' ಹಾಕಿ ಒಳಗೆ 'ಎಲ್‌ಎನ್‌ಸಿಎಲ್‌ಐ', ಸಿಗ್‌ನೆಟ್ ಅಂತ ನೆಟ್‌ವರ್ಕ್ ಆಪ್ಷನ್, ಮತ್ತೆ 'ಕ್ರಿಯೇಟ್'. ಡ್ಯಾಶ್ ಐಟಿ ಬಿಟ್ಟರೆ ಪಾಸ್‌ವರ್ಡ್ ಟೈಪ್ ಮಾಡ್ಲಿಕ್ಕೆ ಆಗೋದಿಲ್ಲ.

24 ಪದ ತೋರಿಸ್ತದೆ, ಇದೇ ಸೀಡ್, ಅಂದ್ರೆ ವಾಲೆಟ್ ವಾಪಸ್ ಪಡೆಯುವ ಕೀಲಿ. ಫೋಟೋ ತೆಗೀಬೇಡಿ, ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳೋದೂ ಬೇಡ, ಕೈಯಲ್ಲಿ ಬರೀರಿ. ನಮ್ಮ ಮಳೆಗಾಲದಲ್ಲಿ ಕಪಾಟಿನ ಕಾಗದಕ್ಕೆ ಬೂಷ್ಟು ಹಿಡೀತದೆ, ಗೆದ್ದಲು ಬಿಡೋದಿಲ್ಲ, ಹಾಗಾಗಿ ಎರಡು ಪ್ರತಿ ಮಾಡಿ ಗಾಳಿ ಹೋಗದ ಡಬ್ಬಿಯಲ್ಲಿ ಬೇರೆ ಬೇರೆ ಕಡೆ ಇಡಿ, ಸ್ಟೀಲ್ ತಗಡಿನಲ್ಲಿ ಕೆತ್ತಿಸಿದ್ರೆ ಇನ್ನೂ ಒಳ್ಳೇದು, ಆದ್ರೆ ಕೆತ್ತುವವರ ಕೈಗೆ ಪದ ಕೊಡಬೇಡಿ, ಅಕ್ಷರದ ಪಂಚ್ ಸೆಟ್ ತಂದು ನೀವೇ ಹೊಡೀರಿ. ಈ 24 ಪದ ಎಲ್‌ಎನ್‌ಡಿಯದ್ದೇ ಕ್ರಮದ್ದು, ಬೇರೆ ಮೊಬೈಲ್ ವಾಲೆಟ್‌ನಲ್ಲಿ ಹಾಕಿದ್ರೆ ಹೆಚ್ಚಾಗಿ ತೆರೆಯೋದಿಲ್ಲ.

'ಗೆಟ್ ಇನ್ಫೋ' ಕಮಾಂಡ್‌ನಲ್ಲಿ 'ಸಿಂಕ್ಡ್ ಟು ಚೈನ್' ಎದುರು ಟ್ರೂ ಬಂದ ಮೇಲೆ ಮುಂದಿನದ್ದು.

7. ನಿಲ್ಲಿಸಿ ನೋಡಿ

ಪೇಮೆಂಟ್‌ಗಿಂತ ಮೊದಲು ಈ ಟೆಸ್ಟ್. 'ಡಾಕರ್ ಕಂಪೋಸ್ ಸ್ಟಾಪ್' ಕೊಡಿ, ಆಮೇಲೆ 'ಡಾಕರ್ ಕಂಪೋಸ್ ಪಿಎಸ್ ಡ್ಯಾಶ್ ಎ'. ಎಕ್ಸಿಟೆಡ್ ಎದುರು 0 ಇದ್ರೆ ಸರಿ. 137 ಇದ್ರೆ ಅದು ಕಿಲ್ ಆಗಿ ಸತ್ತದ್ದು, 128ಕ್ಕೆ ಸಿಗ್‌ಕಿಲ್‌ನ ನಂಬರ್ 9 ಕೂಡಿಸಿದ್ದು; ಎಕ್ಸೆಕ್, ಎಂಟ್ರಿಪಾಯಿಂಟ್, ಗ್ರೇಸ್ ಪೀರಿಯಡ್ ಮೂರನ್ನೂ ಪುನಃ ನೋಡಿ. ಬಿಟ್‌ಕಾಯಿನ್‌ಡಿ ಲಾಗ್‌ನ ಕೊನೆಯಲ್ಲಿ 'ಶಟ್‌ಡೌನ್ ಡನ್' ಅಂತ ಇರಬೇಕು.

ಎಸ್‌ಎಸ್‌ಡಿಯನ್ನ ಅನ್‌ಮೌಂಟ್ ಮಾಡಿ ಸ್ಟಾರ್ಟ್ ಕೊಟ್ಟು ನೋಡೋದೂ ಈಗಲೇ. ಸ್ಕ್ರಿಪ್ಟ್ ಒಪ್ಪದೆ ನಿಲ್ಲಬೇಕು. ಯುಪಿಎಸ್‌ಗೆ ಯುಎಸ್‌ಬಿ ವಯರ್ ಇದ್ರೆ ನಟ್ ಅನ್ನುವ ಸಾಫ್ಟ್‌ವೇರ್ ಹಾಕಿ, ಬ್ಯಾಟರಿ ಇಳಿದಾಗ ಇದೇ ಸ್ಟಾಪ್ ಕಮಾಂಡ್ ಓಡುವ ಹಾಗೆ ಮಾಡಬಹುದು.

8. ಬ್ಯಾಕಪ್, ಮತ್ತೆ ಮಾಡಲೇಬಾರದ ಬ್ಯಾಕಪ್

ಸೀಡ್‌ನಿಂದ ವಾಪಸ್ ಬರೋದು ಚೈನ್ ಮೇಲಿರುವ ದುಡ್ಡು ಮಾತ್ರ. ಚಾನೆಲ್‌ನೊಳಗಿನ ದುಡ್ಡಿಗೆ 'ಚಾನೆಲ್ ಡಾಟ್ ಬ್ಯಾಕಪ್' ಅನ್ನುವ ಫೈಲ್ ಬೇಕು. ಚಾನೆಲ್ ಓಪನ್ ಅಥವಾ ಕ್ಲೋಸ್ ಆದಾಗೆಲ್ಲ ಅದು ಬದಲಾಗ್ತದೆ, ಹಾಗಾಗಿ ಬದಲಾದ ಕೂಡ್ಲೇ ಬೇರೆ ಮೆಷಿನ್‌ಗೆ ಕಾಪಿ ಹೋಗುವ ಒಂದು ಚಿಕ್ಕ ಸ್ಕ್ರಿಪ್ಟ್ ಹೋಸ್ಟ್‌ನಲ್ಲಿ ಇರಲಿ. ಫೈಲ್ ಎನ್‌ಕ್ರಿಪ್ಟ್ ಆಗಿಯೇ ಇರ್ತದೆ, ಕ್ಲೌಡ್‌ನಲ್ಲಿ ಇಟ್ಟರೂ ಅಡ್ಡಿ ಇಲ್ಲ.

ಆದ್ರೆ ಚಾನೆಲ್‌ನ ಡೇಟಾಬೇಸ್ ಫೈಲ್ 'ಚಾನೆಲ್ ಡಾಟ್ ಡಿಬಿ'ಯ ಹಳೇ ಕಾಪಿಯನ್ನ ಯಾವತ್ತೂ ರಿಸ್ಟೋರ್ ಮಾಡಿ ಓಡಿಸಬೇಡಿ. ಅದರಲ್ಲಿ ಇರೋದು ಹಳೇ ಲೆಕ್ಕ. ಹಳೇ ಲೆಕ್ಕವನ್ನ ಚೈನ್‌ಗೆ ಹಾಕಿದ್ರೆ ಲೈಟ್ನಿಂಗ್‌ನ ನಿಯಮದಲ್ಲಿ ಅದು ಮೋಸ, ಎದುರಿನವರ ನೋಡ್ ಆ ಚಾನೆಲ್‌ನ ಪೂರ್ತಿ ದುಡ್ಡನ್ನ ದಂಡವಾಗಿ ಎಳ್ಕೊಳ್ತದೆ. ಗೊತ್ತಿಲ್ಲದೆ ಮಾಡಿದ್ದು ಅಂತ ಹೇಳ್ಲಿಕ್ಕೆ ಅಲ್ಲಿ ಯಾರೂ ಇಲ್ಲ. ಇದೇ ಕಾರಣಕ್ಕೆ ಒಂದೇ ಡೇಟಾ ಫೋಲ್ಡರ್‌ನ ಕಾಪಿಯನ್ನ ಎರಡು ಮೆಷಿನ್‌ನಲ್ಲಿ ಓಡಿಸಬಾರದು, ಸ್ಟ್ಯಾಂಡ್‌ಬೈ ಇರಲಿ ಅಂತ ಆಫೀಸಿನ ಸರ್ವರ್ ಅಭ್ಯಾಸವನ್ನ ಇಲ್ಲಿ ತರಬೇಡಿ. ಹೊಸ ಮೆಷಿನ್‌ಗೆ ಹೋಗುವುದಾದ್ರೆ ಹಳೇದನ್ನ ಸರಿಯಾಗಿ ನಿಲ್ಲಿಸಿ, ಡೇಟಾ ಸಾಗಿಸಿ, ಹಳೇದು ಇನ್ನು ಏಳದ ಹಾಗೆ ಮಾಡಿ, ಆಮೇಲೆ ಹೊಸದನ್ನ ಎಬ್ಬಿಸಿ.

9. ಪೇಮೆಂಟ್ ಟೆಸ್ಟ್

'ನ್ಯೂ ಅಡ್ರೆಸ್' ಕಮಾಂಡ್‌ನಿಂದ ಅಡ್ರೆಸ್ ತೆಗೀರಿ, ಸಿಗ್‌ನೆಟ್‌ನದ್ದು ಟಿ ಬಿ 1 ಅಂತ ಶುರು ಆಗ್ತದೆ. ಸಿಗ್‌ನೆಟ್ ಫಾಸೆಟ್, ಅಂದ್ರೆ ಪುಕ್ಕಟೆ ಕಾಯಿನ್ ಕೊಡುವ ಸೈಟ್‌ನಿಂದ ಸ್ವಲ್ಪ ತಗೊಳ್ಳಿ. ಎಲ್‌ಎನ್‌ಡಿಯಲ್ಲಿ ಚಾನೆಲ್‌ನ ಕನಿಷ್ಠ 20,000 ಸಾಟೋಶಿ. ಓಪನ್ ಮಾಡಿದ ಮೇಲೆ ಕೆಲವು ಬ್ಲಾಕ್ ಕಾಯ್ಬೇಕು, ಅರ್ಧ ಗಂಟೆಯೋ ಒಂದು ಗಂಟೆಯೋ ಹೋಗ್ತದೆ.

ಚಾನೆಲ್ ಓಪನ್ ಆಯ್ತು ಆದ್ರೆ ದುಡ್ಡು ಬರೋದಿಲ್ಲ ಅಂತ ಇನ್ನೊಂದು ಪ್ರಶ್ನೆ ಬರ್ತದೆ. ನೀವು ಓಪನ್ ಮಾಡಿದ ಚಾನೆಲ್‌ನಲ್ಲಿ ದುಡ್ಡೆಲ್ಲ ನಿಮ್ಮ ಬದಿಯಲ್ಲೇ ಉಂಟು, ಎದುರಿನ ಬದಿ ಖಾಲಿ, ಅವರು ಎಲ್ಲಿಂದ ಕೊಡೋದು? ಮೊದಲು ನೀವು ಸ್ವಲ್ಪ ಖರ್ಚು ಮಾಡಿ ಇಲ್ಲವೇ ಬೇರೆಯವರತ್ರ ನಿಮ್ಮ ಕಡೆಗೆ ಚಾನೆಲ್ ಓಪನ್ ಮಾಡಿಸಿ. ಪಬ್ಲಿಕ್ ಐಪಿ ಇಲ್ಲದವರು ಮೊದಲು ತಾವೇ ಅವರ ನೋಡ್‌ಗೆ 'ಕನೆಕ್ಟ್' ಆಗಿ, ಆ ಕನೆಕ್ಷನ್ ಮೇಲೆಯೇ ಅವರು ಓಪನ್ ಮಾಡಬಹುದು. ಆಮೇಲೆ 'ಆ್ಯಡ್ ಇನ್‌ವಾಯ್ಸ್' ಮಾಡಿ, ಸಿಗ್‌ನೆಟ್ ಇನ್‌ವಾಯ್ಸ್ ಎಲ್ ಎನ್ ಟಿ ಬಿ ಎಸ್ ಅಂತ ಶುರು ಆಗ್ತದೆ, ಮೇನ್‌ನೆಟ್‌ನದ್ದು ಎಲ್ ಎನ್ ಬಿ ಸಿ. ದುಡ್ಡು ಬರುವ ಹೊತ್ತಿಗೆ ನಿಮ್ಮ ನೋಡ್ ಆನ್‌ಲೈನ್ ಇರಬೇಕು ಅನ್ನೋದು ನೆನಪಿರಲಿ.

10. ಮೇನ್‌ನೆಟ್‌ಗೆ ಹೋಗುವವರಿಗೆ

ಒಂದು ಮಳೆಗಾಲ ಸಿಗ್‌ನೆಟ್‌ನಲ್ಲಿ ಓಡಲಿ ಅನ್ನೋದು ನನ್ನ ಅಭಿಪ್ರಾಯ. ಆಮೇಲೆ ಹೋಗುವಾಗಲೂ ಹೋದ್ರೆ ಹೋಗಲಿ ಅನ್ನುವಷ್ಟೇ ಮೊತ್ತ. ಡೇಟಾ ಫೋಲ್ಡರ್ ಬೇರೆ, ಪಾಸ್‌ವರ್ಡ್ ಬೇರೆ, ಸೀಡ್ ಬೇರೆ.

ಕಾನೂನು ಕೇಳುವವರೂ ಇದ್ದಾರೆ. ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕ್‌ಗಳಿಗೆ ಕೊಟ್ಟ ಸರ್ಕ್ಯುಲರನ್ನ ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ಕ್ಕೆ ರದ್ದು ಮಾಡಿದೆ. ಬಿಟ್‌ಕಾಯಿನ್ ಇಟ್ಟುಕೊಳ್ಳೋದು ಅಪರಾಧ ಅಲ್ಲ, ಆದ್ರೆ ರೂಪಾಯಿಯ ಹಾಗೆ ಅಧಿಕೃತ ಹಣವೂ ಅಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಾಟದ ಲಾಭಕ್ಕೆ 30 ಶೇಕಡಾ ತೆರಿಗೆ, ನಷ್ಟವನ್ನ ಬೇರೆ ಆದಾಯದಲ್ಲಿ ಕಳೀಲಿಕ್ಕೆ ಆಗೋದಿಲ್ಲ, ಜುಲೈ 1ರಿಂದ 1 ಶೇಕಡಾ ಟಿಡಿಎಸ್ ಕೂಡ ಬಂತು. ಹಾಗಾಗಿ ಮೇನ್‌ನೆಟ್‌ನಲ್ಲಿ ಮೊದಲ ಇನ್‌ವಾಯ್ಸ್ ಮಾಡುವ ದಿನದಿಂದ್ಲೇ ತಾರೀಕು, ಸಾಟೋಶಿ, ಆ ಹೊತ್ತಿನ ರೂಪಾಯಿ ಬೆಲೆ, ಯಾಕೆ ಬಂತು ಅಂತ ಒಂದು ಶೀಟ್‌ನಲ್ಲಿ ಬರೀತಾ ಹೋಗಿ, ವರ್ಷದ ಕೊನೆಗೆ ಆಡಿಟರ್ ಕೇಳೋದು ಅದನ್ನೇ.